ಮನೆಯ ಮುಖಕ್ಕೊಂದು ಅಂಚು

ಹೋದ ವರ್ಷ ಹಿಪ್ಪರಗಿಯಲ್ಲಿ ನನ್ನ ಸೋದರಮಾವನ ಮಗ ಕಟ್ಟಿಸಿದ ಹೊಸ ಮನೆಯ ವಾಸ್ತುಶಾಂತಿ. ಪಂಕ್ತಿ ಎದ್ದ ಮೇಲೆ, ದೂರದ ಊರಲ್ಲಿ ದೊಡ್ಡ ನೌಕರಿಯಲ್ಲಿರುವ ಬೀಗರೊಬ್ಬರು ರಸ್ತೆಯ ಆಚೆ ಬದಿಗೆ ಹೋಗಿ ನಿಂತು, ಮನೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿ, “ಕಬ್ಬಿನ ಬಿಲ್ಲ ಎಲ್ಲಾ ಗ್ವಾಡಿಗೇ ಅಂಟಿಸಿಬಿಟ್ಟಾರ ನೋಡ್ರಿ” ಅಂದರು. ಸುತ್ತ ಇದ್ದವರು ನಕ್ಕರು. ಮನೆ ಕಟ್ಟಿಸಿದವನೂ ನಕ್ಕ. ಅವನ ನಗು ಎಲ್ಲರಿಗಿಂತ ಬೇಗ ಮುಗಿಯಿತು.

ಆ ಮಾತಿನಲ್ಲಿ ನಾನು ಒಪ್ಪುವುದು ಒಂದೇ ಶಬ್ದವನ್ನು: ಅಂಟಿಸುವುದು. ಉಳಿದದ್ದರಲ್ಲಿ ಇದ್ದದ್ದು ತಿರಸ್ಕಾರ. ಮನೆಯ ಮುಖಕ್ಕೆ ಅಲಂಕಾರ ಬೇಕು, ಬೇಕೇ ಬೇಕು. ಆದರೆ ಆ ಅಲಂಕಾರ ಗೋಡೆ ಮಾಡುವ ಕೆಲಸದಿಂದಲೇ ಎದ್ದು ಬಂದಿರಬೇಕು. ಮಳೆಯನ್ನು ಆಚೆ ಎಸೆಯುವ, ಬಿಸಿಲಿಗೆ ನೆರಳು ಹಿಡಿಯುವ, ಗೋಡೆ ನೆಲಕ್ಕೆ ಕೂಡುವ ಜಾಗವನ್ನು ಕಾಯುವ ಕೆಲಸದಿಂದ. ನಮ್ಮ ಭಾಗದಲ್ಲಿ ಈಗ ‘ಎಲಿವೇಶನ್’ ಎಂದು ಕರೆಯುವ ವಸ್ತುವಿಗೆ ಈ ಕೆಲಸದ ಗೊಡವೆಯೇ ಇಲ್ಲ. ನನ್ನ ಸಿಟ್ಟು ಇರುವುದು ಅದರ ಮೇಲೆ. ಕಟ್ಟಿಸಿದವನ ಆಸೆಯ ಮೇಲೆ ನನಗೆ ಸಿಟ್ಟಿಲ್ಲ.

ಆ ಆಸೆ ಎಲ್ಲಿಂದ ಬಂತೆಂದು ಬೀಗರಿಗೆ ಗೊತ್ತಿರಲಿಲ್ಲ. ಇದೇ ಜಾಗದಲ್ಲಿ ಮೊದಲು ಮೇಲ್ಮುದ್ದಿ ಮನೆ ಇತ್ತು. ಮಿರಗದ ಮಳೆಗೆ ಮುಂಚೆ ಮಾಳಿಗೆ ಏರಿ ಸವಳು ಮಣ್ಣು ಹಾಕಿ ತುಳಿಯುವುದು ಮನೆಮಂದಿಯೆಲ್ಲರ ಕೆಲಸ. 2019ರ ಆಗಸ್ಟಿನಲ್ಲಿ ಹೊಳಿ ಬಂದಾಗ ಕೃಷ್ಣಾ ದಂಡೆಯ ಎಷ್ಟೋ ಊರುಗಳಲ್ಲಿ ಇಂಥ ಮಣ್ಣಿನ ಗೋಡೆಗಳು ಕೂತವು. ಗೋಡೆ ಕರಗುವುದನ್ನು ಕಣ್ಣಾರೆ ಕಂಡವನು, ಗಟ್ಟಿ ಗೋಡೆ ಕಟ್ಟಿದ ಮೇಲೆ ಅದರ ತಲೆಗೊಂದು ಕಮಲ ಇಡಿಸಿದರೆ ಅದು ಆಡಂಬರವೆ? ಆ ಮಣ್ಣಿನ ಮನೆಗೂ ಅಲಂಕಾರ ಇತ್ತಲ್ಲ! ದೀಪಾವಳಿಗೆ ನನ್ನ ಅತ್ತೆ ಸುಣ್ಣ ಹಚ್ಚಿ, ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಕಾರಣಿ ಎಳೆಯುತ್ತಿದ್ದಳು. ಕೆಂಪು ಪಟ್ಟಿ ಬುಡಕ್ಕೇ ಯಾಕೆ? ಮಳೆಗೆ ಅಂಗಳದ ಮಣ್ಣು ಸಿಡಿಯುವುದು ಅಲ್ಲಿಗೇ. ಸಿಡಿದ ಕಲೆ ಕೆಂಪಿನಲ್ಲಿ ಕಾಣದೆ ಹೋಗುತ್ತಿತ್ತು, ಮೇಲಿನ ಸುಣ್ಣ ಬೆಳ್ಳಗೇ ಉಳಿಯುತ್ತಿತ್ತು. ನನ್ನ ವಾದವೆಲ್ಲ ಆ ಒಂದು ಪಟ್ಟಿಯಲ್ಲಿದೆ.

ಈಗ ಹೊಸ ಮನೆಯ ಮುಖ ನೋಡಿ. ಕಿಟಕಿಗಳ ತಲೆಯ ಮೇಲೆ, ಕುಂಬಿಯ ಉದ್ದಕ್ಕೂ, ಬಾಗಿಲ ಎರಡೂ ಬದಿಗೆ ತಯಾರಾಗಿ ಬಂದ ಪಟ್ಟಿಗಳು. ಒಳಗೆ ಥರ್ಮಾಕೋಲಿನ ದಿಂಡು, ಅದರ ಮೇಲೆ ಜಾಳಿಗೆ, ಜಾಳಿಗೆಯ ಮೇಲೆ ಸಿಮೆಂಟಿನ ತೆಳು ಲೇಪ. ಬೇಸಿಗೆ 40 ಡಿಗ್ರಿ ದಾಟುವ ಊರು ನಮ್ಮದು. ಬಿಸಿಲಿಗೆ ಗೋಡೆ ಹಿಗ್ಗುವ ಲೆಕ್ಕ ಬೇರೆ, ದಿಂಡಿನ ಲೆಕ್ಕ ಬೇರೆ. ಇವೆರಡೂ ಕೂಡುವ ಕಡೆ ಕೂದಲೆಳೆಯ ಬಿರುಕು ಬಿತ್ತು. ಪಟ್ಟಿಯ ಬೆನ್ನು ಸಪಾಟ, ಆದ್ದರಿಂದ ಮಳೆ ನೀರು ಅಲ್ಲೇ ನಿಂತು ಗೋಡೆಯ ಕಡೆಗೇ ಜಾರಿತು. ಒಂದೇ ಮಳೆಗಾಲ ಕಳೆಯುವುದರಲ್ಲಿ ಪ್ರತಿ ಕಿಟಕಿಯ ಎರಡೂ ಮೂಲೆಯಿಂದ ಕಾಡಿಗೆ ಕರಗಿ ಇಳಿದಂಥ ಕಪ್ಪು ಗೆರೆ. ಅಡ್ಡಮಳೆಯ ಒಂದು ಸಂಜೆ ಕುಂಬಿಯ ತುಂಡೊಂದು ಕಳಚಿ ಅಂಗಳಕ್ಕೆ ಬಿತ್ತು. ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ. ಒಡೆದ ಬದಿಗೆ ಉಗುರು ತಾಗಿಸಿದರೆ ಪಂಚಮಿಯ ಜೋಳದ ಅಳ್ಳಿನಂತೆ ಬಿಳಿ ಕಾಳು ಉದುರುತ್ತಿದ್ದವು. ಒದಗಿಸಿದವರು ಫೋನ್ ಎತ್ತಲಿಲ್ಲ. ಪಡಸಾಲೆಯ ಹೊರ ಅಂಚಿಗೆ ಹಾಕಿದ್ದ ಪಿಒಪಿ ಹೂಬಳ್ಳಿಯ ಗತಿಯೂ ಅದೇ. ಪಿಒಪಿ ಜಿಪ್ಸಮ್‌ನಿಂದ ಮಾಡಿದ್ದು, ನೀರು ಕುಡಿದರೆ ಮೆತ್ತಗಾಗುವುದು ಅದರ ಹುಟ್ಟುಗುಣ.

ಇಂಥದ್ದನ್ನು ಕಂಡವರು ಅಲಂಕಾರವೇ ಬೇಡ ಎಂಬ ಇನ್ನೊಂದು ತುದಿಗೆ ಜಿಗಿಯುತ್ತಾರೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ವಿಯೆನ್ನಾದ ವಾಸ್ತುಶಿಲ್ಪಿ ಅಡಾಲ್ಫ್ ಲೂಸ್ ಅಲಂಕಾರವನ್ನು ಅಪರಾಧದ ಸಾಲಿಗೆ ಸೇರಿಸಿದ. ಅದರಲ್ಲಿ ಕಾರ್ಮಿಕನ ದುಡಿಮೆ ಪೋಲಾಗುತ್ತದೆ, ಸಾಮಗ್ರಿ ಪೋಲಾಗುತ್ತದೆ ಎಂಬುದು ಅವನ ವಾದ. ದುಡಿಯುವವನ ಪರವಾಗಿ ಹುಟ್ಟಿದ ಮಾತಾದ್ದರಿಂದ ಅದನ್ನು ನಾನು ಹಗುರಾಗಿ ತಳ್ಳಿಹಾಕಲಾರೆ. ಆದರೆ ನಮ್ಮ ಗೌಂಡಿಯನ್ನು ಕೇಳಿ. ಪಾಯಾ ಎಂಜಿನಿಯರನ ಲೆಕ್ಕ, ಕೋಣೆಗಳು ವಾಸ್ತು ಹೇಳುವವರ ಲೆಕ್ಕ, ಬಣ್ಣ ಮನೆಯವರ ಲೆಕ್ಕ. ಕುಂಬಿಯ ಮೇಲಿನ ನವಿಲೊಂದೇ ಅವನದು. ಅದನ್ನೂ ಕಸಿದುಕೊಂಡರೆ ಅವನಿಗೆ ಉಳಿಯುವುದು ಕೂಲಿ ಮಾತ್ರ.

ಇದನ್ನು ಬರೆಯುವಾಗ ನನಗೆ ಪಟ್ಟದಕಲ್ಲು ಬಿಟ್ಟು ಬೇರೇನೂ ಕಣ್ಣಿಗೆ ಬರುತ್ತಿಲ್ಲ. ನಮ್ಮ ಬಾಗಲಕೋಟೆ ಜಿಲ್ಲೆಯದೇ ಊರು, 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಎಂಟನೇ ಶತಮಾನದಲ್ಲಿ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಪಕ್ಕದಲ್ಲಿ ನಿಂತು ಗೋಡೆಯನ್ನು ಬುಡದಿಂದ ಮೇಲಕ್ಕೆ ಓದಬೇಕು. ಕೆಳಗೆ ನೆಲ ಹಿಡಿದ ಉಪಾನ, ಅದರ ಮೇಲೆ ಜಗತಿ, ಮೇಲೆ ಕುಮುದ, ಒಳಸರಿದ ಗಳ. ಒಂದು ಮುಂದೆ ಬಂದರೆ ಇನ್ನೊಂದು ಹಿಂದೆ ಸರಿಯುತ್ತದೆ, ಪ್ರತಿ ತಿರುವಿಗೂ ಒಂದು ನೆರಳಿನ ಗೆರೆ. ಗೋಡೆಯ ತಲೆಗೆ ಬಂದರೆ ಕಪೋತ, ಹೊರಕ್ಕೆ ಚಾಚಿ ಕೆಳಕ್ಕೆ ಬಾಗಿದ ಕಲ್ಲಿನ ಸೂರು. ಕಪೋತವೆಂದರೆ ಪಾರಿವಾಳ, ಸೂರಿಗೆ ಆ ಹೆಸರಿಟ್ಟವರ ಕಣ್ಣು ದೊಡ್ಡದು. ಮಳೆ ಆ ಬಾಗಿನ ಮೇಲೆ ಜಾರಿ, ಅಂಚಿನಿಂದ ನೇರ ಕೆಳಕ್ಕೆ ಬೀಳುತ್ತದೆ, ಗೋಡೆಯ ಶಿಲ್ಪವನ್ನು ಮುಟ್ಟದೆ. ಈ ಗುಡಿಯ ಸೂತ್ರಧಾರಿ ಗುಂಡ ಅನಿವಾರಿತಾಚಾರಿ ಎಂದು ಶಾಸನದಲ್ಲಿ ಹೆಸರು ಕೊರೆದಿದ್ದಾರೆ. ನಮ್ಮ ಮನೆಗಳ ಮುಂದೆ ಯಜಮಾನನ ಹೆಸರಿನ ಗ್ರಾನೈಟ್ ಫಲಕ ಉಂಟು, ಕಟ್ಟಿದವನ ಹೆಸರು ಎಲ್ಲೂ ಇಲ್ಲ.

ಇಲ್ಲಿ ಒಬ್ಬ ಗೆಳೆಯನ ಆಕ್ಷೇಪವಿದೆ, ಅದಕ್ಕೆ ತೂಕವೂ ಇದೆ. ಅದೇ ಕಪೋತದ ಮೇಲೆ ಸಾಲಾಗಿ ಕಡೆದ ಕುದುರೆಲಾಳದಾಕಾರದ ಕೂಡುಗಳು ಏನು ಕೆಲಸ ಮಾಡುತ್ತವೆ? ಅವು ಹಳೆಯ ಮರದ ಕಟ್ಟಡಗಳ ಗವಾಕ್ಷಿಯ ನಕಲು. ಐಹೊಳೆಯ ಲಾಡಖಾನ್ ಗುಡಿಯ ಮಾಡಿನ ಮೇಲೆ ಮರದ ದಿಮ್ಮಿಯಂತೆ ಕಾಣುವ ಉದ್ದನೆಯ ಕಲ್ಲಿನ ಪಟ್ಟಿಗಳಿವೆ, ಅವೂ ನಕಲೇ. ಚಾಲುಕ್ಯರ ಶಿಲ್ಪಿ ಕಲ್ಲಲ್ಲಿ ಮರವನ್ನು ನಟಿಸಬಹುದಾದರೆ, ಹಿಪ್ಪರಗಿಯವನು ಥರ್ಮಾಕೋಲಿನಲ್ಲಿ ಕಲ್ಲನ್ನು ನಟಿಸಿದರೆ ತಪ್ಪೇನು?

ನಕಲು ತಪ್ಪೆಂದು ನಾನು ಹೇಳುವುದಿಲ್ಲ. ಲಾಡಖಾನಿನ ಪಟ್ಟಿಗಳು ಕೂತಿರುವುದು ಇಳಿಜಾರು ಚಪ್ಪಡಿಗಳ ಸಂದಿನ ಮೇಲೆ. ಮರದ ವೇಷ ಹಾಕಿಕೊಂಡೇ ಅವು ಸಂದಿಗೆ ಇಳಿಯುವ ನೀರನ್ನು ತಡೆಯುತ್ತವೆ. ಕೂಡುಗಳಿಗೆ ಅಂಥ ಕೆಲಸವಿಲ್ಲ, ಒಪ್ಪುತ್ತೇನೆ, ಅವು ಬರೀ ಸಂತೋಷಕ್ಕೆ. ಆದರೆ ಅವನ್ನು ಕಡೆದದ್ದು ನೀರನ್ನು ಹೊರಕ್ಕೆ ಎಸೆಯುವ ಕಲ್ಲಿನ ಮೈಯಲ್ಲೇ. ಕೆಲಸ ಮಾಡುವ ಕಲ್ಲಿಗೆ ಹೂ ಮುಡಿಸಿದ್ದಾರೆ, ಅಷ್ಟೇ. ಮನೆಯವನ ಕಮಲಕ್ಕೂ ನಾನು ಕೇಳುವುದು ಅದೇ ಆಸರೆ: ಕೆಳಗೆ ನಿಜವಾದ ಸಜ್ಜಾ ಇರಲಿ, ಅದರ ಮೇಲೆ ಎಷ್ಟು ದಳವಾದರೂ ಅರಳಲಿ.

ರಬಕವಿ ಬನಹಟ್ಟಿಯ ನೇಕಾರರ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಳಕಲ್ ಸೀರೆಯಲ್ಲಿ ಮೈಗೆ ಒಂದು, ಎರಡು ಅಂಚಿಗೆ ಎರಡು, ಹೀಗೆ ಮೂರು ಲಾಳಿ ಓಡಿಸಿ ಕೊಂಡಿ ಹಾಕಿ ನೇಯುತ್ತಾರೆ. ಅಂಚಿನ ಹೊಕ್ಕು ಮೈಯ ಹೊಕ್ಕನ್ನು ಹಿಡಿದುಕೊಂಡೇ ಹಿಂದಿರುಗುತ್ತದೆ. ನೆಲಕ್ಕೆ ಉಜ್ಜುವುದು ಅಂಚು, ಸವೆತ ತಿನ್ನುವುದು ಅಂಚು, ಕಣ್ಣಿಗೆ ಮೊದಲು ಬೀಳುವುದೂ ಅಂಚೇ. ಸೀರೆಗೆ ಅಂಚು ಅಂಟಿಸಿ ತಂದರೆ ನಮ್ಮ ಹೆಣ್ಣುಮಕ್ಕಳು ಬೆರಳಲ್ಲಿ ಮುಟ್ಟಿ ನೋಡಿ ಅಲ್ಲೇ ಮಡಚಿ ಇಡುತ್ತಾರೆ. ಗೋಡೆಯ ಅಂಚನ್ನು ಮಾತ್ರ ಯಾರೂ ಮುಟ್ಟಿ ನೋಡುವುದಿಲ್ಲ.

‘ಈಗ ಇದ ಟ್ರೆಂಡ್ ಐತ್ರಿ’ ಎಂಬುದು ಮಾರುವವರ ಮಾತು, ಅದಕ್ಕೆ ಉತ್ತರ ಬೇಕಿಲ್ಲ. ಖರ್ಚಿನ ಮಾತಿಗೆ ಬೇಕು. ಕಲ್ಲು ಕಡೆಸುವ ಶಕ್ತಿ ಎಲ್ಲರಿಗಿಲ್ಲ, ನಿಜ. ಆದರೆ ನಮ್ಮ ಊರುಗಳಲ್ಲಿ ಎಪ್ಪತ್ತರ ದಶಕದ ಸಿಮೆಂಟಿನ ಮನೆಗಳು ಇನ್ನೂ ನಿಂತಿವೆ. ಕುಂಬಿಯ ಮೇಲೆ ‘ಶ್ರೀ ಬಸವೇಶ್ವರ ಪ್ರಸನ್ನ’, ಕೆಳಗೆ ಇಸವಿ, ಎರಡು ಬದಿಗೆ ನವಿಲು ಇಲ್ಲವೆ ಸಿಂಹ, ಎಲ್ಲವೂ ಗಿಲಾವಿನಲ್ಲೇ ಎತ್ತಿದ್ದು. ಅದಕ್ಕೆ ಬೇಕಾದದ್ದು ಉಸುಕು, ಸಿಮೆಂಟು, ತಗಡಿನ ಅಚ್ಚು, ಮತ್ತು ಅವಸರವಿಲ್ಲದ ಒಬ್ಬ ಮನುಷ್ಯ. ಈಗ ಸಿಗದಿರುವುದು ಕೊನೆಯದು. ನೇರ ಪೆಟ್ಟಿಗೆಯಂತೆ ಸಜ್ಜಾ ಇಲ್ಲದ ಮನೆಯನ್ನು ನಕ್ಷೆಯಲ್ಲಿ ಬರೆದು, ಅದರ ಬೋಳುತನ ಮುಚ್ಚಲು ಪಟ್ಟಿ ತರಿಸಿರೆಂದು ಹೇಳುವ ಎಂಜಿನಿಯರರನ್ನು ನಾನು ಕ್ಷಮಿಸಲಾರೆ. ಎರೆ ಭೂಮಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಗೋಡೆಗುಂಟ ಇಳಿದ ನೀರು ಪಾಯಾದ ಬುಡದಲ್ಲಿ ಇಂಗಿದರೆ ಮನೆಯೇ ಸೀಳುತ್ತದೆಂದು ಅವರು ಕಾಲೇಜಿನಲ್ಲಿ ಓದಿಯೇ ಬಂದಿರುತ್ತಾರೆ.

ಈ ಸಲ ಮಳೆಗೆ ಮುಂಚೆ ಮಾವನ ಮಗ ಉಳಿದ ಪಟ್ಟಿಗಳನ್ನೆಲ್ಲ ಕಿತ್ತು ಹಾಕಿಸಿ, ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದ ಹಳೆಯ ಗೌಂಡಿ ಕಾಕಾನನ್ನು ಕರೆತಂದ. ಕಾಕಾ ತಗಡು ಕತ್ತರಿಸಿ ಅಚ್ಚು ಮಾಡಿದರು. ಸಜ್ಜಾದ ಬೆನ್ನಿಗೆ ಹೊರಕ್ಕೆ ಇಳಿಜಾರು ಕೊಟ್ಟು, ಅಂಚಿಗೆ ಹಸಿ ಗಿಲಾವು ಹಚ್ಚಿ, ಮರದ ಪಟ್ಟಿಯ ಆಸರೆಗೆ ಅಚ್ಚನ್ನು ಹಿಂದೆ ಮುಂದೆ ಎಳೆಯುತ್ತ ಹೋದರು. ನಾಲ್ಕನೇ ಎಳೆತಕ್ಕೆ ಕುಮುದದಂಥ ಉಬ್ಬು ಮೂಡಿತು. ಆಮೇಲೆ ಸಜ್ಜಾದ ಕೆಳಮೈಗೆ, ಅಂಚಿನಿಂದ ಎರಡು ಬೆರಳು ಒಳಗೆ, ಕಬ್ಬಿಣದ ಸಳಿ ಒತ್ತಿ ಉದ್ದಕ್ಕೂ ಒಂದು ಗೀರು ಬಿಟ್ಟರು.

“ಇದ ಯಾಕ ಕಾಕಾ? ಯಾರಿಗೂ ಕಾಣೂದಿಲ್ಲಲ್ಲ.”

“ನೀರಿಗೆ ಕಾಣತೈತಿ, ತಮ್ಮಾ.”

ಮಾವನ ಮಗ ಕೇಳಿದ್ದಕ್ಕೆ ಬಾಗಿಲ ಮೇಲೆ ಕಮಲವನ್ನೂ ಎತ್ತಿದರು, ಎಂಟು ದಳದ್ದು. ಅದರ ಬದಿಗೆ ನಿಮ್ಮ ಹೆಸರು ಬರೀರಿ ಅಂದರೆ ತಲೆ ಅಲ್ಲಾಡಿಸಿ ಇಸವಿ ಮಾತ್ರ ಬರೆದರು. ಮೊದಲ ಮಳೆ ಬಂದ ದಿನ ನಾನು ಅಲ್ಲಿದ್ದೆ. ನೀರು ಸಜ್ಜಾದ ಅಂಚು ದಾಟಿ ಕೆಳಗೆ ಹೊರಳಿ, ಗೀರಿನವರೆಗೆ ಬಂದು ನಿಂತು, ಅಲ್ಲಿಂದ ಸಾಲಾಗಿ ಹನಿಹನಿಯಾಗಿ ಗೋಡೆಯಿಂದ ಮೊಳ ದೂರ ಅಂಗಳಕ್ಕೆ ಬೀಳುತ್ತಿತ್ತು.