ಮೊದಲ ಪರಮಪ್ರಸಾದವೂ ಮನೆಯ ಪಾಠವೂ

ನಮ್ಮ ಹೈಸ್ಕೂಲಿನ ಈ ಸ್ಮರಣ ಸಂಚಿಕೆಯು ಬಹುಮಟ್ಟಿಗೆ ಹಳೆಯ ವಿದ್ಯಾರ್ಥಿನಿಯರ ಕೈಸೇರುವುದು. ಅವರಲ್ಲಿ ಅನೇಕರು ಇಂದು ತಾಯಂದಿರು. ಕೆಲವರು ಅಜ್ಜಿಯಂದಿರೂ ಹೌದು. ಆದುದರಿಂದ ದೀಕ್ಷಾಸ್ನಾನ, ದೃಢೀಕರಣ, ಪರಮಪ್ರಸಾದಗಳೆಂಬ ಮೂರು ಪ್ರವೇಶ ಸಂಸ್ಕಾರಗಳಿಗೆ ಮಕ್ಕಳನ್ನು ಸಿದ್ಧಪಡಿಸುವ ವಿಷಯದಲ್ಲಿ ಬಹುಕಾಲದಿಂದ ನಮ್ಮ ಮನಸ್ಸಿನಲ್ಲಿರುವ ಮಾತೊಂದನ್ನು ಇಲ್ಲಿ ಹೇಳಲು ಧೈರ್ಯಮಾಡುತ್ತೇವೆ. ಕೆಲವರಿಗೆ ಅದು ಕಹಿಯಾದೀತು, ಕ್ಷಮೆಯಿರಲಿ.

ನಮ್ಮ ಕೆಳಗಿನ ತರಗತಿಗಳ ಬಾಲಿಕೆಯರನ್ನು ಮೊದಲ ಪರಮಪ್ರಸಾದಕ್ಕೆ ಅಣಿಗೊಳಿಸುವ ಕಾಲ ಬಂದಾಗಲೆಲ್ಲ ತಾಯಿತಂದೆಗಳು ಬಂದು, "ಸಿಸ್ಟರ್, ಎಲ್ಲವನ್ನೂ ನೀವೇ ಕಲಿಸಿಬಿಡಿ, ನಮಗೆ ಪುರಸೊತ್ತಿಲ್ಲ" ಎಂದು ಹೇಳಿಹೋಗುತ್ತಾರೆ. ಅವರು ನಮ್ಮಲ್ಲಿಟ್ಟ ವಿಶ್ವಾಸಕ್ಕೆ ನಾವು ಕೃತಜ್ಞರು. ಆದರೆ ಈ ಹೊರೆಯನ್ನು ನಾವೊಬ್ಬರೇ ಹೊರಲಾರೆವು, ಹೊರತಕ್ಕದ್ದೂ ಅಲ್ಲ.

ಹಿಂದಿನ ವಿಧಿಯಲ್ಲಿ ದೀಕ್ಷಾಸ್ನಾನದ ಪ್ರಶ್ನೆಗಳನ್ನು ಗುರುಗಳು ಎಳೆಗೂಸನ್ನೇ ಉದ್ದೇಶಿಸಿ ಕೇಳುತ್ತಿದ್ದರು. ಕೂಸಿನ ಪರವಾಗಿ ಜ್ಞಾನ ತಂದೆತಾಯಿಗಳು ಉತ್ತರ ಕೊಡುತ್ತಿದ್ದರು. 1969ರಲ್ಲಿ ಶಿಶುಗಳ ದೀಕ್ಷಾಸ್ನಾನದ ಹೊಸ ವಿಧಿ ಪ್ರಕಟವಾದಂದಿನಿಂದ ಗುರುಗಳು ಹೆತ್ತವರ ಕಡೆಗೇ ತಿರುಗಿ, ಈ ಮಗುವನ್ನು ವಿಶ್ವಾಸದಲ್ಲಿ ಬೆಳೆಸುವ ಹೊಣೆಯನ್ನು ನೀವು ತಿಳಿದೇ ಒಪ್ಪಿಕೊಂಡಿರುವಿರೋ ಎಂದು ಕೇಳುತ್ತಾರೆ. ಹೌದೆಂದು ಹೇಳಿದ ಬಾಯಿ ಹೆತ್ತವರದು, ಶಾಲೆಯದಲ್ಲ. ಕೂಸಿಗೆ ಏಳು ವರ್ಷ ತುಂಬುವುದರೊಳಗೆ ಆ ಮಾತು ಮರೆತುಹೋಗುವುದು ವಿಷಾದಕರವಲ್ಲವೇ?

ಏಳು ವರ್ಷವೆಂಬ ಲೆಕ್ಕವೂ ಸುಮ್ಮನೆ ಬಂದುದಲ್ಲ. ಒಂದು ಕಾಲದಲ್ಲಿ ಅನೇಕ ದೇಶಗಳಲ್ಲಿ ಮಕ್ಕಳನ್ನು ಹತ್ತು, ಹನ್ನೆರಡು, ಹದಿನಾಲ್ಕರ ತನಕವೂ ಪರಮಪ್ರಸಾದದಿಂದ ದೂರವಿಡುತ್ತಿದ್ದರು. ಹತ್ತನೆಯ ಪಿಯುಸ್ ಜಗದ್ಗುರುಗಳು 1910ರ ಆಗಸ್ಟ್ ತಿಂಗಳಿನಲ್ಲಿ ಹೊರಡಿಸಿದ ಆಜ್ಞಾಪತ್ರದಿಂದ ಆ ಪದ್ಧತಿ ನಿಂತಿತು. ಸುಮಾರು ಏಳನೆಯ ವಯಸ್ಸಿನಲ್ಲಿ ವಿವೇಕ ಮೂಡಿದ ಮಗುವು ಈ ದಿವ್ಯ ಭೋಜನವನ್ನು ಸಾಮಾನ್ಯ ರೊಟ್ಟಿಯಿಂದ ಬೇರ್ಪಡಿಸಿ ತಿಳಿದರೆ ಸಾಕು, ಧರ್ಮೋಪದೇಶದ ಪೂರ್ಣ ಜ್ಞಾನ ಆಗಲೇ ಬೇಕೆಂದಿಲ್ಲ ಎಂಬುದು ಅದರ ತಾತ್ಪರ್ಯ. ಇದಕ್ಕೆ ಮೂರು ವರ್ಷ ಮುಂಚೆ, 1907ರಲ್ಲಿ, ಐರ್ಲೆಂಡಿನ ಕಾರ್ಕ್ ನಗರದ ಕನ್ಯಾಮಠದಲ್ಲಿ ರೋಗಪೀಡಿತಳಾಗಿದ್ದ ನೆಲ್ಲಿ ಆರ್ಗನ್ ಎಂಬ ನಾಲ್ಕು ವರ್ಷದ ಬಾಲಿಕೆಗೆ ಅಲ್ಲಿಯ ಧರ್ಮಾಧ್ಯಕ್ಷರು ದೃಢೀಕರಣವನ್ನು ಕೊಟ್ಟು, ಪರಮಪ್ರಸಾದಕ್ಕೂ ಅನುಮತಿಯಿತ್ತಿದ್ದರು. ಮರುವರ್ಷದ ಫೆಬ್ರವರಿಯಲ್ಲಿ ಅವಳು ತೀರಿಕೊಂಡಳು. ಎಷ್ಟು ಪ್ರಶ್ನೋತ್ತರಗಳನ್ನು ಅವಳು ಬಾಯಿಪಾಠ ಮಾಡಿದ್ದಾಳು?

ಹಾಗೆಂದು ಬಾಯಿಪಾಠವನ್ನು ನಾವು ಹಳಿಯುವವರಲ್ಲ. ಎಳೆಯ ವಯಸ್ಸಿನಲ್ಲಿ ಕಲಿತ ಜಪವು, ಕಣ್ಣು ಕಾಣದ ಮುಪ್ಪಿನಲ್ಲಿ ತಾನಾಗಿ ತುಟಿಗೆ ಬರುವುದನ್ನು ನಾವು ಅನೇಕ ಸಾವಿನ ಹಾಸಿಗೆಗಳ ಬಳಿ ಕಂಡಿದ್ದೇವೆ. ಆದರೆ ಮನೆಯಲ್ಲಿ ಕೊಂಕಣಿಯನ್ನೋ ತಮಿಳನ್ನೋ ಆಡುವ ಮಗುವಿಗೆ ಇಂಗ್ಲಿಷಿನ ಉತ್ತರಗಳನ್ನು ಗಿಳಿಪಾಠ ಮಾಡಿಸಿದರೆ ಅದು ಗಂಟಲಿನಿಂದ ಕೆಳಗಿಳಿಯದು. ಬಲಿಪೂಜೆಯೇ ಜನರ ಮಾತಿನಲ್ಲಿ ನಡೆಯುವ ಈ ಕಾಲದಲ್ಲಿ ಮಗುವಿನ ಪಾಠ ಮಾತ್ರ ಪರಭಾಷೆಯಲ್ಲಿ ಯಾಕೆ? ತಾಯಿ ತನ್ನ ಮಾತಿನಲ್ಲಿ ಹೇಳಿದ ಒಂದು ವಾಕ್ಯವು ನಮ್ಮ ಹತ್ತು ಪಾಠಗಳಿಗೆ ಸಮ.

ಒಮ್ಮೆ ಒಂದು ಬಾಲಿಕೆಯು ಪರಮಪ್ರಸಾದವೆಂದರೇನೆಂಬ ಪ್ರಶ್ನೆಗೆ ಅಕ್ಷರ ತಪ್ಪದೆ ಉತ್ತರವಿತ್ತಳು. ನಮಗೆ ಸಂತೋಷವಾಗಿ, "ಹಾಗಾದರೆ ನಾಳೆ ನಿನ್ನ ಬಳಿಗೆ ಬರುವವರು ಯಾರಮ್ಮ?" ಎಂದು ಕೇಳಿದೆವು. "ಮುಂಬಯಿಯಿಂದ ಚಿಕ್ಕಪ್ಪ ಬರುತ್ತಾರೆ, ಸಿಸ್ಟರ್" ಎಂದಳು. ತರಗತಿಯೆಲ್ಲ ನಕ್ಕಿತು, ನಾವೂ ನಕ್ಕೆವು. ಆಮೇಲೆ ಯೋಚಿಸಿದರೆ ತಪ್ಪು ಅವಳದಾಗಿ ತೋರಲಿಲ್ಲ. ತಿಂಗಳಿನಿಂದ ಆ ಮನೆಯಲ್ಲಿ ನಡೆದ ಮಾತೆಲ್ಲ ಚಿಕ್ಕಪ್ಪನ ಬರುವಿಕೆ, ಅಂಗಿಯ ಜರಿ, ಊಟದ ಎಲೆಗಳ ಲೆಕ್ಕ ಇವೇ ಆಗಿದ್ದಿರಬೇಕು.

ಅಂಗಿಯ ವಿಷಯವನ್ನೂ ಹೇಳಿಬಿಡುತ್ತೇವೆ. ಬಿಳಿ ಅಂಗಿಯು ದೀಕ್ಷಾಸ್ನಾನದ ಬಿಳಿ ವಸ್ತ್ರದ ನೆನಪು, ಐಶ್ವರ್ಯದ ಪ್ರದರ್ಶನವಲ್ಲ. ಸಾಲ ಮಾಡಿ ಹೊಲಿಸಿದ ಅಂಗಿಯನ್ನು ತೊಟ್ಟ ಮಗುವೂ, ಪಕ್ಕದವಳ ಅಂಗಿಯನ್ನು ಕಂಡು ತನ್ನದನ್ನು ಮುದುಡಿ ಹಿಡಿದ ಮಗುವೂ ಒಂದೇ ಸಾಲಿನಲ್ಲಿ ನಿಂತುದನ್ನು ನಾವು ನೋಡಿದ್ದೇವೆ. ಎಲ್ಲರಿಗೂ ಒಂದೇ ತೆರದ, ಸಾದಾ ಹತ್ತಿಯ ಅಂಗಿ ಇರಲೆಂಬುದು ನಮ್ಮ ಅಭಿಮತ. ಉಳ್ಳವರು ಒಪ್ಪದಿದ್ದರೆ ಇದು ನಡೆಯದು. ಆದುದರಿಂದಲೇ ಉಳ್ಳವರನ್ನು ಬೇಡುತ್ತಿದ್ದೇವೆ.

ಮೊದಲ ಪಾಪನಿವೇದನೆಯ ಪಾಠವು ಇನ್ನೂ ಕಷ್ಟ. ಭಯದಿಂದ ಮಾಡದ ಪಾಪಗಳನ್ನೂ ಪಟ್ಟಿಮಾಡುವ ಮಕ್ಕಳಿದ್ದಾರೆ. ತಂದೆಯು ತಾಯಿಯೊಡನೆ, ತಾಯಿಯು ಮನೆಗೆಲಸದವಳೊಡನೆ "ನನ್ನದು ತಪ್ಪಾಯಿತು" ಎಂದುದನ್ನು ಎಂದೂ ಕೇಳದ ಮಗುವಿಗೆ ಕ್ಷಮೆಯೆಂದರೇನೆಂದು ನಾವು ಕಪ್ಪುಹಲಗೆಯ ಮೇಲೆ ಹೇಗೆ ಬರೆದು ತೋರಿಸೋಣ?

ದೃಢೀಕರಣಕ್ಕೆ ಬರುವ ದೊಡ್ಡ ಹುಡುಗಿಯರ ಸಂಗತಿಯೇ ಬೇರೆ. ಪೂರ್ವದೇಶದ ಸಭೆಗಳಲ್ಲಿ ಮೂರು ಸಂಸ್ಕಾರಗಳನ್ನೂ ಶಿಶುವಿಗೆ ಒಟ್ಟಾಗಿಯೇ ಕೊಡುವ ಪ್ರಾಚೀನ ಪದ್ಧತಿಯುಂಟು. ನಮ್ಮಲ್ಲಿ ಬಹುಕಡೆ ದೃಢೀಕರಣವು ಪರಮಪ್ರಸಾದದ ಕೆಲವು ವರ್ಷಗಳ ಮೇಲೆ ಬರುತ್ತದೆ. ಧರ್ಮಾಧ್ಯಕ್ಷರು ಕೆನ್ನೆಗೆ ತಟ್ಟುವರೆಂದು ನಡುಗಿ ನಿಂತುದು ನಮ್ಮ ಅಜ್ಜಿಯಂದಿರಿಗೆ ನೆನಪಿರಬಹುದು. 1971ರ ಹೊಸ ವಿಧಿಯಲ್ಲಿ ಅದಿಲ್ಲ, ಹಣೆಗೆ ಅಭಿಷೇಕತೈಲದ ಲೇಪನ ಮಾತ್ರ. ನಡುಕವು ಹೋದುದು ಒಳ್ಳೆಯದೇ. ಆದರೆ ಅದರೊಂದಿಗೆ ಗಾಂಭೀರ್ಯವೂ ಹೋಯಿತೇನೋ ಎಂಬ ಶಂಕೆ ನಮಗಿದೆ. ಯಾಕಂದರೆ ತೈಲವು ಆರುವ ಮೊದಲೇ ಎಷ್ಟೋ ಹುಡುಗಿಯರು ಧರ್ಮೋಪದೇಶದ ತರಗತಿಯನ್ನು ಬಿಟ್ಟುಬಿಡುತ್ತಾರೆ. ಸಾಕ್ಷಿಗಳಾಗಲು ಕಳುಹಿಸಲ್ಪಟ್ಟವರು ಬಿಡುಗಡೆಯ ಪತ್ರ ಪಡೆದವರಂತೆ ನಡೆಯುತ್ತಾರೆ. ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಕಲಿಸಿ ಮುಗಿಯಿತೆಂದು ನಾವೇ ಪುಸ್ತಕವನ್ನು ಮುಚ್ಚಿದರೆ ಅವರು ತೆರೆದಿಡುವರೇ?

ಕೊನೆಗೆ ಒಂದು ಸಣ್ಣ ಕೋರಿಕೆ. ಹುಟ್ಟಿದ ದಿನವು ಪ್ರತಿಯೊಬ್ಬ ಬಾಲಿಕೆಗೂ ಗೊತ್ತು. ದೀಕ್ಷಾಸ್ನಾನದ ದಿನವನ್ನು ಬಲ್ಲವರು ವಿರಳ. ಮುಂದಿನ ಬಾರಿ ಮಗುವನ್ನು ಸಿದ್ಧತೆಯ ತರಗತಿಗೆ ಕಳುಹಿಸುವಾಗ ಆ ದಿನವನ್ನು ಹೇಳಿ ಕಳುಹಿಸಿರಿ. ನೆನಪಿಲ್ಲವಾದರೆ ದೇವಾಲಯದ ದಾಖಲೆ ಪುಸ್ತಕದಲ್ಲಿ ಬರೆದಿರುತ್ತದೆ, ತಾಯಿಯೇ ಮಗುವಿನ ಕೈಹಿಡಿದು ಹೋಗಿ ನೋಡಿ ಬರಲಿ. ಅಂದು ಪಾಸ್ಖದ ದೀಪದಿಂದ ಹೊತ್ತಿಸಿ ನಿಮ್ಮ ಕೈಗೆ ಕೊಟ್ಟ ಮೇಣದ ಬತ್ತಿಯು ಪೆಟ್ಟಿಗೆಯ ತಳದಲ್ಲಿ ಉಳಿದಿದ್ದರೆ ಅದನ್ನೂ ಕೊಟ್ಟು ಕಳುಹಿಸಿರಿ. ಮುರಿದಿದ್ದರೂ ಚಿಂತೆಯಿಲ್ಲ.