ಅಳಿಸುವ ಗುಂಡಿ



ಇತ್ತೀಚೆಗೆ ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಹಳೆಯ ಗೃಹಪ್ರವೇಶದ ವಿಡಿಯೋ ಹಾಕಿದ್ದರು. ಊಟದ ಪಂಕ್ತಿಯಲ್ಲಿ ಕುಳಿತಿದ್ದ ನನ್ನ ದಿವಂಗತ ತಮ್ಮ ತಲೆಯೆತ್ತಿ, "ಸಾಕಮ್ಮ, ಸಾಕು" ಎಂದು ನಗುತ್ತಾನೆ. ಆದರೆ ಎದುರಿಗೆ ಯಾರೂ ಇಲ್ಲ! ಅಂದು ಬಡಿಸಿದವಳು ಆ ಮನೆಯ ಸೊಸೆ. ವಿಚಾರಿಸಿದಾಗ ಬಂದ ಉತ್ತರ: "ವಿಚ್ಛೇದನವಾಯಿತಲ್ಲಣ್ಣ, ತೆಗೆಸಿಬಿಟ್ಟೆವು. ಈಗ ಗುಂಡಿ ಒತ್ತಿದರೆ ಆಗುತ್ತದೆ."

ಗ್ರಾಫಿಕ್ಸ್ ಕೆಲಸದಲ್ಲಿರುವ ಶಿಷ್ಯನೊಬ್ಬನಿಂದ ಈ ಗುಂಡಿಯ ಮರ್ಮ ತಿಳಿದುಕೊಂಡೆ. ಚಲನಚಿತ್ರದ ಬಿಂಬದ ಮೇಲೆ ಚೌಕಟ್ಟು ಚೌಕಟ್ಟಾಗಿ ರೇಖೆ ಎಳೆಯುವ 'ರೋಟೋಸ್ಕೋಪ್' ಉಪಕರಣಕ್ಕೆ ಮ್ಯಾಕ್ಸ್ ಫ್ಲೈಷರ್ 1917ರಲ್ಲಿ ಪೇಟೆಂಟ್ ಪಡೆದರು. ಸೆಕೆಂಡಿಗೆ 24 ಚೌಕಟ್ಟು. ಒಂದು ನಿಮಿಷಕ್ಕೆ 1,440. ಅಷ್ಟರಲ್ಲೂ ವ್ಯಕ್ತಿಯ ಅಂಚನ್ನು ಕೈಯಿಂದಲೇ ಬಿಡಿಸಬೇಕು. 'ಆಫ್ಟರ್ ಎಫೆಕ್ಟ್ಸ್' ತಂತ್ರಾಂಶದಲ್ಲಿ 2010ರಲ್ಲಿ ಬಂದ 'ರೋಟೋ ಬ್ರಷ್' ಆ ಶ್ರಮವನ್ನು ಬಹಳ ತಗ್ಗಿಸಿತು. 2019ರಲ್ಲಿ ಅದಕ್ಕೇ ಸೇರಿದ 'ಕಂಟೆಂಟ್ ಅವೇರ್ ಫಿಲ್' ಇನ್ನೂ ಮುಂದೆ ಹೋಯಿತು: ವ್ಯಕ್ತಿಯನ್ನು ತೆಗೆದ ಜಾಗದ ಹಿನ್ನೆಲೆಯನ್ನು ಹಿಂದಿನ ಮುಂದಿನ ಚೌಕಟ್ಟುಗಳಿಂದ ಆಯ್ದು ತಾನೇ ತುಂಬುತ್ತದೆ.

ಸಿನಿಮಾದವರು ನಾಯಕನನ್ನು ಹಾರಿಸಿದ ತಂತಿಯನ್ನು ಹೀಗೆ ಅಳಿಸಿದರೆ ನನ್ನ ತಕರಾರಿಲ್ಲ. ಅಲ್ಲಿ ಪ್ರೇಕ್ಷಕ ಮಾಯೆಯೆಂದು ತಿಳಿದೇ ಟಿಕೆಟ್ ಕೊಳ್ಳುತ್ತಾನೆ. ಮನೆಯ ವಿಡಿಯೋ ಹಾಗಲ್ಲ, ಅದು ಸಾಕ್ಷಿ. ಸಾಕ್ಷಿಯನ್ನು ತಿದ್ದುವುದಕ್ಕೆ ನಮ್ಮ ಭಾಷೆಯಲ್ಲಿ ಸುಳ್ಳು ಎಂದೇ ಹೆಸರು.

"ಹಿಂದೆ ಫೋಟೋಗಳನ್ನು ಕತ್ತರಿಸುತ್ತಿರಲಿಲ್ಲವೇ?" ಎಂದು ಕೇಳುವವರಿದ್ದಾರೆ. ಕತ್ತರಿಸುತ್ತಿದ್ದರು, ನಿಜ. ಆದರೆ ಕತ್ತರಿ ಗಾಯವನ್ನು ಉಳಿಸುತ್ತಿತ್ತು. ಇಲ್ಲಿ ಯಾರೋ ಇದ್ದರೆಂದು ಆ ತೂತೇ ಹೇಳುತ್ತಿತ್ತು. ಗಾಯವನ್ನೂ ಮುಚ್ಚುವ ಕೌಶಲ ಅಂದು ಪ್ರಭುತ್ವಗಳ ಕೈಯಲ್ಲಿತ್ತು. ಮಾಸ್ಕೋ-ವೋಲ್ಗಾ ಕಾಲುವೆಯ ದಂಡೆಯಲ್ಲಿ ಸ್ಟಾಲಿನ್ ಪಕ್ಕ ನಿಂತಿದ್ದ ನಿಕೊಲಾಯ್ ಯೆಜೋವ್ 1940ರಲ್ಲಿ ಮರಣದಂಡನೆಗೆ ಗುರಿಯಾದ. ಆತನನ್ನು ಅಳಿಸಿದ ಚಿತ್ರದಲ್ಲಿ ಆ ಜಾಗದಲ್ಲಿ ಬರೀ ನೀರು ಕಾಣುತ್ತದೆ. ಅಂದು ಸರ್ವಾಧಿಕಾರಿಗೆ ನುರಿತ ಕಲಾವಿದರು ಬೇಕಿತ್ತು. ಇಂದು ನಮ್ಮ ನಡುಮನೆಯಲ್ಲೇ ಆ ಕೆಲಸ ಸಲೀಸಾಗಿ ನಡೆಯುತ್ತಿದೆ, ನಮಗೆ ನಾಚಿಕೆಯೂ ಇಲ್ಲ.

"ನೋಡಿದರೆ ನೋವಾಗುತ್ತದೆ" ಎನ್ನುತ್ತೀರಿ. ಒಪ್ಪಿದೆ. ಹಾಗಾದರೆ ನೋಡಬೇಡಿ, ಪೆಟ್ಟಿಗೆಯಲ್ಲಿಡಿ. ಆ ದಂಪತಿಗಳಿಗೊಬ್ಬ ಮಗನಿದ್ದಾನೆ. ನಾಳೆ ಅವನು ಈ ವಿಡಿಯೋ ನೋಡಿ, "ನಮ್ಮ ಮನೆಯ ಗೃಹಪ್ರವೇಶಕ್ಕೆ ಅಮ್ಮ ಬರಲೇ ಇಲ್ಲವೇ?" ಎಂದು ಕೇಳಿದರೆ ಯಾವ ತಂತ್ರಾಂಶ ಉತ್ತರ ತುಂಬಿಕೊಟ್ಟೀತು? ಇಡೀ ದಿನ ಸೆರಗು ಸಿಕ್ಕಿಸಿ ದುಡಿದವಳು ಆಕೆ. ಸಂಬಂಧ ಮುರಿದಿರಬಹುದು, ಅಂದಿನ ದುಡಿಮೆ ಸುಳ್ಳಾಗಲಿಲ್ಲ.

ಹಾಜರಿ ಪುಸ್ತಕದಲ್ಲಿ ಶಾಲೆ ಬಿಟ್ಟ ಮಗುವಿನ ಹೆಸರಿನ ಮೇಲೆ ನಾನು ಕೆಂಪು ಗೆರೆ ಎಳೆಯುತ್ತಿದ್ದೆ. ಗೆರೆಯ ಕೆಳಗೆ ಹೆಸರು ಓದಲು ಬರುತ್ತಿತ್ತು. ಪುಟ ಹರಿಯುವ ಅಧಿಕಾರ ಮುಖ್ಯೋಪಾಧ್ಯಾಯರಿಗೂ ಇರಲಿಲ್ಲ.

ಈ ವೃತ್ತಿಯಲ್ಲಿರುವ ನನ್ನ ಶಿಷ್ಯರಲ್ಲಿ ಒಂದೇ ವಿನಂತಿ: ಯಾರಾದರೂ ಇಂಥ ಕೆಲಸ ತಂದರೆ, ಮೂಲ ಪ್ರತಿ ಎಲ್ಲಿದೆಯೆಂದು ಮೊದಲು ಕೇಳಿ. ಬಂಧುಗಳಲ್ಲಿಯೂ ಅಷ್ಟೇ: ಆ ಮೂಲ ಪ್ರತಿ ಇನ್ನೂ ಇದ್ದರೆ ನನಗೆ ಕೊಡಿ. ಆ ಹುಡುಗ ಕೇಳುವವರೆಗೆ ನಾನು ಜೋಪಾನವಾಗಿ ಇಟ್ಟಿರುತ್ತೇನೆ.