ಅಜ್ಜಿ ಕೇಳಿದ ಬಣ್ಣ

ಮಕ್ಕಳೇ, ನದಿಯೊಂದು ಬಂಡೆ ಕೊರೆದು ಮಾಡಿಕೊಂಡ ಆಳವಾದ ಕಮರಿ ನೋಡಬೇಕಾದರೆ ಆಂಧ್ರದ ಕಡಪ ಜಿಲ್ಲೆಯ ಗಂಡಿಕೋಟಕ್ಕೆ ಹೋಗಬೇಕು. ಕೊರೆದದ್ದು ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಉತ್ತರ ಪಿನಾಕಿನಿಯೇ. ಅಲ್ಲಿ ಅದನ್ನು ಪೆನ್ನಾ ಎನ್ನುತ್ತಾರೆ.

ಹೋದ ಚಳಿಗಾಲ ನಾನು ಹೊರಟಾಗ, ಮಂಡಿನೋವಿನ ನಮ್ಮನೆ ಅಜ್ಜಿ ಅಮ್ಮಸಂದ್ರದಲ್ಲೇ ಉಳಿದಳು. “ಫೋಟೊ ತಗೊಂಡು ಬನ್ನಿ, ಅದರಲ್ಲೇ ನೋಡ್ತೀನಿ” ಅಂದಳು.

ನಡುಹಗಲಲ್ಲಿ ತೆಗೆದ ಫೋಟೊಗಳಲ್ಲಿ ಆಕಾಶವೆಲ್ಲ ಬೆಳ್ಳಗೆ, ಕಮರಿಯೆಲ್ಲ ಕಪ್ಪಗೆ! ಕಡುಬಿಸಿಲು, ಕಡುನೆರಳು ಎರಡನ್ನೂ ನಮ್ಮ ಕಣ್ಣಿನಂತೆ ಕ್ಯಾಮೆರಾ ಒಟ್ಟಿಗೆ ಹಿಡಿಯಲಾರದು. ಸಂಜೆ ಬಿಸಿಲು ಓರೆಯಾದಾಗ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕೂರಿಸಿ, ಅಲುಗಿಸದೆ ಆಕಾಶಕ್ಕೊಂದು, ಬಂಡೆಗೊಂದು ಫೋಟೊ ತೆಗೆದೆ. ಊರಿಗೆ ಬಂದ ಮೇಲೆ ಮೊಮ್ಮಗಳು ಕಂಪ್ಯೂಟರಿನಲ್ಲಿ ಎರಡನ್ನೂ ಸೇರಿಸಿಕೊಟ್ಟಳು. ನಾನು ಆಸೆಗೆ ಬಿದ್ದು ಬಂಡೆಗೆ ಇನ್ನಷ್ಟು ಕೆಂಪು ಏರಿಸಿದೆ.

ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿದಳು. “ಅಲ್ಲಾ ಕಣ್ರೀ, ಕಲ್ಲು ನಿಜವಾಗ್ಲೂ ಹಿಂಗೆ ಕುಂಕುಮದಂಗಿತ್ತಾ?”

ನನಗೆ ಮಾತೇ ಹೊರಡಲಿಲ್ಲ. ಅವಳ ಪಾಲಿಗೆ ಗಂಡಿಕೋಟ ಅಂದರೆ ಆ ಫೋಟೊ ಒಂದೇ. ಸುಮ್ಮನೆ ಕೂತು ಕೆಂಪು ಇಳಿಸಿದೆ. ಹಳೇ ಇಟ್ಟಿಗೆಯ ಬಣ್ಣ ಬಂತು. ನಾನು ಕಂಡದ್ದೂ ಅದೇ.

ಫೋಟೊ ತಿದ್ದುವುದು ತಪ್ಪಲ್ಲ, ಮಕ್ಕಳೇ. ಮೊದಲು ತೆಗೆದದ್ದನ್ನು ಅಳಿಸದೆ ಪಕ್ಕದಲ್ಲಿಟ್ಟುಕೊಂಡು ತಿದ್ದಿ. ಅಲ್ಲಿಗೆ ಹೋಗಲಾರದವರು ನಿಮ್ಮ ಫೋಟೊ ನಂಬಿ ನೋಡುತ್ತಾರೆ.